ಗೋಡೆಯ ಕಡೆಗೆ ಹೋಗುವ ಗೆರೆ

ಮಾರ್ಚ್ 3, ಮಂಗಳವಾರ

ಎರಡು ಗಂಟೆ ಬಾಯಿ ಮುಚ್ಚಿಕೊಂಡು ಕೂರಬೇಕು. ಮೊಬೈಲ್ ಮುಟ್ಟುವ ಹಾಗಿಲ್ಲ, ಕುರ್ಚಿ ಎಳೆಯುವ ಹಾಗಿಲ್ಲ, ಕೆಮ್ಮು ಬಂದರೆ ಹೊರಗೆ ಹೋಗಿ ಕೆಮ್ಮಬೇಕು. ಅದಕ್ಕೇ ಬರೆಯುತ್ತಿದ್ದೇನೆ. ಪೆನ್ನು ಸದ್ದು ಮಾಡುವುದಿಲ್ಲ. ಇದು ನಮ್ಮ ಸಮುದಾಯ ಭವನದ ಹೋದ ವರ್ಷದ ಬುಕಿಂಗ್ ಪುಸ್ತಕ. ಹಿಂದಿನ ಅರ್ಧ ಖಾಲಿ ಇದೆ.

ಮಂಗಳವಾರ ನಾಲ್ಕರಿಂದ ಆರರವರೆಗೆ ಭವನ ಗಂಟೆ ಚೆಂಡಿನವರದ್ದು. ಕಣ್ಣು ಕಾಣದ ಎಂಟು ಜನ. ಚೆಂಡಿನ ಹೊಟ್ಟೆಯೊಳಗೆ ಗಂಟೆ ಇದೆ. ಒಂದು ಕಡೆಯವರು ಉರುಳಿಸುತ್ತಾರೆ, ಇನ್ನೊಂದು ಕಡೆಯವರು ಸದ್ದು ಕೇಳಿ ದೊಪ್ಪನೆ ನೆಲಕ್ಕೆ ಬಿದ್ದು ಅಡ್ಡ ಮಲಗಿ ತಡೆಯುತ್ತಾರೆ. ನೆಲದ ಮೇಲೆ ಬಿಳಿ ಟೇಪಿನ ಗೆರೆಗಳು. ಟೇಪಿನ ಅಡಿಯಲ್ಲಿ ಹುರಿ ಇಟ್ಟು ಅಂಟಿಸಿದ್ದಾರೆ, ಕಾಲಿಗೆ ಉಬ್ಬು ಸಿಗಲಿ ಅಂತ. ಅದನ್ನು ಮುಟ್ಟಿಕೊಂಡೇ ಯಾರು ಎಲ್ಲಿ ನಿಲ್ಲಬೇಕು ಅಂತ ಅವರಿಗೆ ಗೊತ್ತಾಗುತ್ತದೆಯಂತೆ.

ಅಪ್ಪನಿಗೆ ಈ ಆಟದ ಮೇಲೆ ಅದೇನು ಪ್ರೀತಿಯೋ. ಬಾಗಿಲ ಹತ್ತಿರ ಕಣ್ಣು ಮುಚ್ಚಿ ಕೂತಿದ್ದಾನೆ. ನಿದ್ದೆ ಅಂದುಕೊಂಡೆ. ಆದರೆ ಚೆಂಡು ಗೆರೆ ದಾಟಿದಾಗ ನನಗಿಂತ ಮುಂಚೆ ಅವನ ತಲೆ ಅಲ್ಲಾಡುತ್ತದೆ.

ಭವನದ ಹಿಂದಿನ ಎರಡು ರೂಮು ನಮ್ಮ ಮನೆ. ಅಪ್ಪ ಇಪ್ಪತ್ತನಾಲ್ಕು ವರ್ಷದಿಂದ ಇಲ್ಲಿನ ವಾಚ್‌ಮನ್, ಗುಡಿಸುವವನು, ಮ್ಯಾನೇಜರ್ ಎಲ್ಲ. ನಾನು ಹುಟ್ಟಿದ್ದೂ ಆ ರೂಮಿನಲ್ಲೇ. ಗೋಡೆಯ ಆ ಕಡೆ ಯಾರದೋ ಭಾಷಣ ನಡೆಯುತ್ತಿತ್ತಂತೆ, ಸರಿಯಾಗಿ ಚಪ್ಪಾಳೆ ಬೀಳುವಾಗ ನಾನು ಹೊರಗೆ ಬಂದೆನಂತೆ. ಅಮ್ಮ ಹೇಳುತ್ತಾಳೆ, "ಅವತ್ತು ಬಿದ್ದ ಚಪ್ಪಾಳೇನೇ ಕೊನೆ. ಆಮೇಲೆ ನಿಂಗೆ ಯಾರೂ ಹೊಡೆದಿಲ್ಲ."

ಹತ್ತನೇ ಕ್ಲಾಸ್ ಆದಮೇಲೆ ಪ್ರೆಸ್ಸು, ಟೈರ್ ಅಂಗಡಿ, ಕೊರಿಯರ್, ಇನ್ನೂ ನಾಲ್ಕು ಕೆಲಸ. ಯಾವುದರಲ್ಲೂ ಆರು ತಿಂಗಳು ನಿಂತಿಲ್ಲ. ಅಮ್ಮನ ಪ್ರಕಾರ ನಾನು ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವನು. ಕೊನೆಗೆ ಅಪ್ಪನೇ, "ಇಲ್ಲೇ ನನ್ ಜೊತೆ ಇರು, ಕೈ ಆಸರೆ ಬೇಕು" ಅಂದ. ನಾಲ್ಕು ತಿಂಗಳಾಯಿತು. ಕೈ ಆಸರೆ ಅಂದರೆ ಬೈಸಿಕೊಳ್ಳುವುದು ಅಂತ ಅರ್ಥ. ನೆಲವನ್ನು ಉದ್ದುದ್ದಕ್ಕೇ ಒರೆಸಬೇಕು, ಅಡ್ಡ ಒರೆಸಬಾರದು. ಒಳಗೆ ಚಪ್ಪಲಿ ಹಾಕಬಾರದು. ಕುರ್ಚಿ, ಬಕೆಟ್ಟು, ಏಣಿ ಎಲ್ಲ ತೆಗೆದ ಜಾಗದಲ್ಲೇ ಇಡಬೇಕು, ಒಂದು ಅಡಿ ಈಚೆ ಬಂದರೂ, "ಯಾರೋ ಇದನ್ನ ಇಲ್ಲಿಟ್ಟೋನು?" ಅಂತ ಶುರು. ಇತ್ತೀಚೆಗೆ ಸೋಮಾರಿತನ ಬೇರೆ. ಬೋರ್ಡಿನ ಮೇಲೆ ಯಾವತ್ತು ಯಾರ ಕಾರ್ಯಕ್ರಮ ಅಂತ ಬರೆಯುವುದನ್ನು ಬಿಟ್ಟೇಬಿಟ್ಟ. "ನಿನ್ ಅಕ್ಷರ ಚೆನ್ನಾಗಿದೆ, ನೀನೇ ಬರಿ" ಅನ್ನುತ್ತಾನೆ. ಹತ್ತನೇ ಕ್ಲಾಸಿನಲ್ಲಿ ಕನ್ನಡ ಮೇಷ್ಟ್ರು ಇದೇ ಅಕ್ಷರ ನೋಡಿ, ಕೋಳಿ ಕೆದರಿದ ಹಾಗಿದೆ ಅಂದಿದ್ದರು.

ಆರಾಯಿತು.

ಮಾರ್ಚ್ 6, ಶುಕ್ರವಾರ

ಇವತ್ತು ಖುಷಿ. ಭಾನುವಾರ ಸಂಜೆ ಭವನದಲ್ಲಿ ಡಾನ್ಸ್ ಸ್ಪರ್ಧೆ. ಲೈಟು ಕಟ್ಟುವ ತಂಡ ಎರಡು ದಿನ ಮೊದಲೇ ಬಂದಿದೆ. ಅವರ ಮೇಸ್ತ್ರಿಯನ್ನು ಎಲ್ಲರೂ ಲೈಟ್ ಮಾಸ್ಟರ್ ಅನ್ನುತ್ತಾರೆ. ಅವರ ಹುಡುಗನೊಬ್ಬನಿಗೆ ಜ್ವರ ಬಂದು ಕೈ ಸಾಲದೆ, ನಾನೇ ಏಣಿ ಹತ್ತಿ ಮೇಲಿನ ಪೈಪಿಗೆ ಆರು ಲೈಟು ಬಿಗಿದೆ. ಮೇಲಿಂದ ನೋಡಿದರೆ ಭವನ ಎಷ್ಟು ಚಿಕ್ಕದು!

ಮಾಸ್ಟರ್ ಕೆಳಗಿನಿಂದ ಕೂಗಿದರು. "ಏನ್ ಗುರು, ಏಣಿ ಮೇಲೆ ಕಾಲು ನಡುಗಲ್ವಾ ನಿಂಗೆ?"

"ಇಲ್ಲ ಸರ್, ನಂಗೆ ನೆಲದ ಮೇಲೇ ನಡುಗೋದು."

ತುಂಬ ನಕ್ಕರು. ಆಮೇಲೆ ಟೀ ಕುಡಿಯುವಾಗ ತಾವಾಗಿಯೇ ಹೇಳಿದರು. "ಮೂವತ್ತೊಂದಕ್ಕೆ ನಮ್ ಲಾರಿ ಹೊರಡತ್ತೆ. ಹನ್ನೊಂದು ಊರು. ಯಾವ ಊರಲ್ಲೂ ಮೂರು ದಿನಕ್ಕಿಂತ ಜಾಸ್ತಿ ಇರಲ್ಲ. ಬರ್ತೀಯಾ?"

ಬರ್ತೀನಿ ಅಂದೆ. ಮನೆಯಲ್ಲಿ ಕೇಳಬೇಕು ಅಂತ ಕೂಡ ಹೇಳಲಿಲ್ಲ.

ಮೂರು ದಿನಕ್ಕಿಂತ ಜಾಸ್ತಿ ಇಲ್ಲ. ನನಗಾಗಿಯೇ ಮಾಡಿದ ಕೆಲಸ ಇದು.

ಮಾರ್ಚ್ 7, ಶನಿವಾರ

ಸೊಂಟ ಬಿದ್ದುಹೋಗಿದೆ. ಆದರೆ ನೆಲ ನೋಡಿದರೆ ನನ್ನ ಕೆಲಸ ಅಂತ ಯಾರೂ ನಂಬುವುದಿಲ್ಲ, ಹಾಗೆ ಹೊಳೆಯುತ್ತಿದೆ.

ಅಪ್ಪ ಅಮ್ಮ ಬೆಳಗ್ಗೆಯೇ ಅಕ್ಕನ ಮನೆಗೆ ಹೋದರು, ಅವಳ ಮಗುವನ್ನು ನೋಡಲು. ಹೋಗುವಾಗ ಅಪ್ಪ, "ನೆಲ ಒರೆಸೋಕೆ ಹೋಗ್ಬೇಡ, ನಾನು ಬಂದು ನೋಡ್ಕೋತೀನಿ" ಅಂದ. ಮಧ್ಯಾಹ್ನ ಡಾನ್ಸ್‌ನವರು ಅಭ್ಯಾಸಕ್ಕೆ ಬಂದಾಗ ಒಬ್ಬಳು ಟೇಪಿಗೆ ಕಾಲು ಸಿಕ್ಕಿ ಜಾರಿದಳು. ಮಾಸ್ಟರ್ ನನ್ನನ್ನು ಕರೆದರು. "ಏನಯ್ಯಾ ಇದು ನೆಲನೋ, ಪಂಕ್ಚರ್ ಹಾಕಿದ ಟ್ಯೂಬೋ? ಕಿತ್ತು ಬಿಸಾಕು."

ಗಂಟೆ ಚೆಂಡಿನವರ ಬಿಳಿ ಗೆರೆ ಮಂಗಳವಾರದೊಳಗೆ ಮತ್ತೆ ಹಾಕಿದರಾಯಿತು ಅಂದುಕೊಂಡೆ. ಹರಿದು ಮಸಿಯಾಗಿತ್ತು ಹೇಗೂ. ಚಾಕು, ಗೋಂದು ಬಿಡಿಸುವ ಥಿನ್ನರ್ ತಗೊಂಡು ಕೂತೆ. ಆಗಲೇ ಗೊತ್ತಾಗಿದ್ದು, ಬಿಳಿಯದು ಮಾತ್ರ ಅಲ್ಲ, ನೆಲದ ಬಣ್ಣದ್ದೇ ಕಂದು ಟೇಪು ಬೇರೆ ಇದೆ. ಇಷ್ಟು ದಿನ ಕಣ್ಣಿಗೇ ಬಿದ್ದಿರಲಿಲ್ಲ. ನಮ್ಮ ಮನೆಯಿಂದ ಸ್ಟೇಜಿಗೆ ಬರುವ ಹಿಂಬಾಗಿಲಲ್ಲಿ ಶುರುವಾಗಿ, ಸ್ಟೇಜಿನ ಮೇಲೆ ಹಾದು, ಪಕ್ಕದ ಮೆಟ್ಟಿಲು ಇಳಿದು, ಗೋಡೆಯ ಕಡೆ ಸ್ವಿಚ್ ಬೋರ್ಡಿಗೆ ಹೋಗುತ್ತದೆ. ಅಲ್ಲಿಂದ ಕುರ್ಚಿ ಇಡುವ ಸ್ಟೋರಿಗೆ. ಅದರಡಿಯಲ್ಲೂ ಹುರಿ. ಗೋಡೆಯ ಕಡೆಗೆ ಹೋಗುವ ಗೆರೆಯಲ್ಲಿ ಯಾವ ಆಟ ಆಡುತ್ತಾರೆ? ಅಪ್ಪನ ಜಿಪುಣತನವೇ ಇರಬೇಕು, ಬಿರುಕಿಗೆ ಸಿಮೆಂಟು ಹಾಕಿಸುವ ಬದಲು ಟೇಪು ಹೊಡೆದಿದ್ದಾನೆ. ಬಿರುಕೇನೂ ಕಾಣಲಿಲ್ಲ. ಇರಲಿ, ಅದನ್ನೂ ಕಿತ್ತೆ. ಕಿತ್ತಿದ್ದನ್ನೆಲ್ಲ ಸುತ್ತಿದರೆ ಫುಟ್‌ಬಾಲ್‌ನಷ್ಟು ದೊಡ್ಡ ಉಂಡೆ ಆಯಿತು. ಒದ್ದುಕೊಂಡೇ ಹೋಗಿ ತೊಟ್ಟಿಗೆ ಹಾಕಿ ಬಂದೆ.

ಅಪ್ಪ ಅಮ್ಮ ಈಗ ತಾನೇ ಬಂದರು. ದಣಿದಿದ್ದಾರೆ. ಲಾರಿಯ ವಿಷಯ ನಾಳೆ ಹೇಳುತ್ತೇನೆ. ಮೊದಲು ಬೆಳಗ್ಗೆ ನೆಲ ನೋಡಲಿ, ಖುಷಿಯಾಗಲಿ, ಆ ಖುಷಿಯಲ್ಲೇ ಕೇಳಿಬಿಡುತ್ತೇನೆ.

ಮಾರ್ಚ್ 8, ಭಾನುವಾರ

ಅಪ್ಪ ಬಿದ್ದ. ಸ್ಟೇಜಿನ ಅಂಚಿನಿಂದ ಕೆಳಕ್ಕೆ. ನಾಲ್ಕು ಅಡಿ. ತೊಡೆಯ ಮೂಳೆ ಸೊಂಟದ ಹತ್ತಿರ ಮುರಿದಿದೆ. ನಾಳೆ ಆಪರೇಷನ್.

ಇನ್ನೂ ಕತ್ತಲಿತ್ತು, ಆರು ಗಂಟೆ ಆಗಿರಲಿಲ್ಲ. ಲೈಟು ಹಾಕಿ ಮುಂಬಾಗಿಲು ತೆಗೆಯಲು ಹೋಗಿದ್ದಾನೆ. ಇಪ್ಪತ್ತನಾಲ್ಕು ವರ್ಷ ದಿನಾ ನಡೆದ ಜಾಗ. ಮೆಟ್ಟಿಲು ಎಲ್ಲಿದೆ ಅಂತ ಗೊತ್ತಿಲ್ಲವಾ ಅವನಿಗೆ?

ಆಂಬುಲೆನ್ಸಿನಲ್ಲಿ ಅಮ್ಮ, ಹೇಗೆ ಬಿದ್ರಿ, ಹೇಗೆ ಬಿದ್ರಿ ಅಂತ ಕೇಳುತ್ತಲೇ ಇದ್ದಳು. ಒಂದೇ ಮಾತು ಹೇಳಿದ. "ನೆಲ ಒದ್ದೆ ಇತ್ತು."

ನಾನು ನೀರೇ ಮುಟ್ಟಿಸಿರಲಿಲ್ಲ. ಥಿನ್ನರ್ ಹಾಕಿ ಒಣಬಟ್ಟೆಯಲ್ಲಿ ಒರೆಸಿದ್ದು. ನೋವಿನಲ್ಲಿ ಏನೋ ಹೇಳಿರಬೇಕು.

ಸ್ಪರ್ಧೆ ನಡೆಯಿತು. ಬುಕಿಂಗ್ ಆದಮೇಲೆ ನಿಲ್ಲಿಸುವುದಕ್ಕಾಗುತ್ತದಾ? ನಾನೇ ಬಂದು ಬಾಗಿಲು ತೆಗೆದೆ.

ಮಾರ್ಚ್ 10, ಮಂಗಳವಾರ

ಆಪರೇಷನ್ ಆಯಿತು. ಅಮ್ಮ ಆಸ್ಪತ್ರೆಯಲ್ಲೇ ಇದ್ದಾಳೆ. ಭವನ ನನ್ನ ತಲೆ ಮೇಲೆ.

ಗೆರೆ ಹಾಕುವುದನ್ನು ಮರೆತೇಬಿಟ್ಟಿದ್ದೆ. ನಾಲ್ಕು ಗಂಟೆಗೆ ಗಂಟೆ ಚೆಂಡಿನವರು ಒಬ್ಬರ ಹೆಗಲ ಮೇಲೆ ಒಬ್ಬರು ಕೈಯಿಟ್ಟುಕೊಂಡು ಸಾಲಾಗಿ ಬಂದರು. ಎರಡು ಬಸ್ಸು ಬದಲಾಯಿಸಿ ಬರುತ್ತಾರೆ. ಮುಂದೆ ಅವರ ಕ್ಯಾಪ್ಟನ್ ಮೇಡಂ. ಯಾವುದೋ ಆಫೀಸಿನಲ್ಲಿ ಟೆಲಿಫೋನ್ ಆಪರೇಟರ್, ನಲವತ್ತು ದಾಟಿದೆ, ನಾಲಿಗೆ ಕತ್ತರಿ ಇದ್ದ ಹಾಗೆ. ನಾನು ಮಾತಾಡುವ ಮುಂಚೆಯೇ, "ಏನ್ ತಮ್ಮಾ, ಬೀಗದಕೈ ಗೊಂಚಲು ನಿನ್ ಸೊಂಟಕ್ಕೆ ಬಂದಿದೆ, ಅಪ್ಪನ್ನ ಕೆಳಗಿಳಿಸಿ ಪಟ್ಟಕ್ಕೇರಿದ್ಯಾ?" ಅಂದರು.

ಚಪ್ಪಲಿ ಬಿಟ್ಟು ಒಳಗೆ ಹೋದರು. ಹತ್ತು ಹೆಜ್ಜೆ ನಡೆದು ನಿಂತರು. ಕಾಲು ಆ ಕಡೆ ಈ ಕಡೆ ಸರಿಸಿದರು. ಆಮೇಲೆ ಮಂಡಿಯೂರಿ ಕೂತು ಅಂಗೈಯಿಂದ ನೆಲ ಸವರಿದರು. ಉಳಿದವರೂ ಅಲ್ಲಲ್ಲೇ ಕೂತು ಸವರತೊಡಗಿದರು. ಎಂಟು ಜನ, ಏನೋ ಬಿದ್ದುಹೋದದ್ದನ್ನು ಹುಡುಕುವ ಹಾಗೆ. ನನಗೆ ನೋಡಲಾಗಲಿಲ್ಲ.

"ಗೆರೆ ಎಲ್ಲಿ ತಮ್ಮಾ?"

"ಪಾಲಿಶ್‌ನವರು ಬಂದಿದ್ರು ಮೇಡಂ. ಅವ್ರು ಕಿತ್ತಾಕಿದ್ರು."

"ಯಜಮಾನ್ರು ಬಿಟ್ರಾ?"

ಅಪ್ಪ ಬಿದ್ದಿದ್ದನ್ನು ಹೇಳಿದೆ. ಅವರ ಮುಖದಲ್ಲಿದ್ದ ತಮಾಷೆ ಹೋಯಿತು.

"ಯಾವತ್ತು ಬಿದ್ರು?"

"ಭಾನುವಾರ ಬೆಳಗ್ಗೆ."

"ಗೆರೆ ಕಿತ್ತಿದ್ದು?"

"ಶನಿವಾರ."

"ಗೋಡೆ ಕಡೆ ಹೋಗೋ ಗೆರೆನೂ ಕಿತ್ರಾ?"

ಹೂಂ ಅಂದೆ. ಎಲ್ಲರೂ ಎದ್ದು ಮತ್ತೆ ಸಾಲು ಮಾಡಿಕೊಂಡು ಹೊರಟುಹೋದರು. ಆ ಗೆರೆಯ ಕೆಲಸ ಇವರಿಗೇನು? ಅದು ಇವರ ಆಟದ್ದೂ ಅಲ್ಲ.

ಮಾರ್ಚ್ 12, ಗುರುವಾರ

ಆಸ್ಪತ್ರೆಗೆ ಹೋಗಿದ್ದೆ. ಅಪ್ಪ ಕೇಳುವುದು ಭವನದ ಸುದ್ದಿಯೇ. ಹೊಲಿಗೆ ಕ್ಲಾಸಿನವರು ಬಂದಿದ್ರಾ, ನಲ್ಲಿ ಬಿಗಿ ಮಾಡಿದೆಯಾ, ಏಣಿ ಎಲ್ಲಿಟ್ಟೆ. ಕೊನೆಗೆ, "ಮಂಗಳವಾರದವ್ರು ಆಡಿದ್ರಾ?" ಅಂದ.

"ಆಡಿದ್ರು."

"ಚೆನ್ನಾಗಿ ಆಡಿದ್ರಾ?"

"ಹೂಂ, ಚೆನ್ನಾಗಿ."

"ಸರಿ" ಅಂದು ಮುಖ ಗೋಡೆಯ ಕಡೆ ತಿರುಗಿಸಿಕೊಂಡ.

ಮಾರ್ಚ್ 15, ಭಾನುವಾರ

ಕಮಿಟಿಯ ಸೆಕ್ರೆಟರಿ ಬಂದಿದ್ದರು. ಭವನವನ್ನೆಲ್ಲ ಸುತ್ತಿ ನೋಡಿ, ನೆಲ ಹೊಳೆಯುತ್ತಿರುವುದನ್ನು ಹೊಗಳಿ, ಆಮೇಲೆ ಕುರ್ಚಿ ಎಳೆದುಕೊಂಡು ಕೂತರು. ಹೊಗಳಿ ಕೂತವರು ಒಳ್ಳೆಯ ಸುದ್ದಿ ಹೇಳುವುದಿಲ್ಲ.

"ಇಪ್ಪತ್ತೆಂಟಕ್ಕೆ ಮೀಟಿಂಗ್ ಇದೆ ಕಣಪ್ಪಾ. ನಿಮ್ಮಪ್ಪ ಇನ್ನು ಈ ಕೆಲಸ ಮಾಡೋ ಹಾಗಿಲ್ಲ ಅಂತ ಡಾಕ್ಟ್ರು ಹೇಳಿದ್ದಾರೆ. ಏಜೆನ್ಸಿಗೆ ವಹಿಸಿಬಿಡೋಣ ಅಂತ ಕೆಲವರು ಅಂತಿದ್ದಾರೆ. ಹಾಗಾದ್ರೆ ರೂಮು ಖಾಲಿ ಮಾಡ್ಬೇಕಾಗತ್ತೆ. ನೀನು ಕೆಲಸ ಒಪ್ಕೊಂಡು ಸೈನ್ ಹಾಕಿದ್ರೆ ಮಾತು ಬೇರೆ."

ಅವರು ಎದ್ದು ಹೋಗುವಾಗ ಕೇಳಿದರು, "ಅಂದ ಹಾಗೆ, ನಿಮ್ಮಪ್ಪನಿಗೆ ಕಣ್ಣು ಸರಿಯಾಗಿ ಕಾಣತ್ತೆ ತಾನೇ?"

"ಹದ್ದಿನ ಕಣ್ಣು ಸರ್. ಬಕೆಟ್ಟು ಒಂದು ಅಡಿ ಆಚೆ ಇಟ್ಟರೂ ಕಂಡುಹಿಡೀತಾರೆ."

ನಕ್ಕು ಹೋದರು.

ಮೂವತ್ತೊಂದಕ್ಕೆ ಲಾರಿ. ಅಮ್ಮನಿಗಷ್ಟೇ ಹೇಳಿದ್ದೇನೆ. ಅಪ್ಪ ಅಮ್ಮ ಎಲ್ಲಿಗೆ ಹೋಗುತ್ತಾರೆ? ಅಕ್ಕನ ಮನೆಯಲ್ಲಿ ಭಾವ ಒಂದು ವಾರ ಇಟ್ಟುಕೊಂಡಾನು. ಎಂಟನೇ ದಿನ ಅವನ ಮುಖ ಹುಳ್ಳಗಾಗುತ್ತದೆ. ನಾನು ಮಾತ್ರ ಯಾಕೆ ಯೋಚಿಸಬೇಕು? ಇಪ್ಪತ್ತೆರಡು ವರ್ಷ ಈ ಗೋಡೆಯ ಆ ಕಡೆಯ ಗದ್ದಲ ಕೇಳಿಕೊಂಡೇ ಬೆಳೆದಿದ್ದೇನೆ. ಯಾರದೋ ಬರ್ತ್‌ಡೇ, ಯಾರದೋ ಸನ್ಮಾನ. ಒಂದೂ ನಮ್ಮದಲ್ಲ. ಎಲ್ಲ ಮುಗಿದ ಮೇಲೆ ಕುರ್ಚಿ ಮಡಚುವುದು ಮಾತ್ರ ನಮ್ಮದು.

ಮಾರ್ಚ್ 17, ಮಂಗಳವಾರ

ನಾಲ್ಕು ಗಂಟೆಗೆ ಯಾರೂ ಬರಲಿಲ್ಲ. ಆದರೂ ಬಾಗಿಲು ತೆಗೆದಿಟ್ಟಿದ್ದೆ. ನಾಲ್ಕೂವರೆಗೆ ಕೋಲಿನ ಸದ್ದು ಕೇಳಿತು. ಕ್ಯಾಪ್ಟನ್ ಮೇಡಂ ಒಬ್ಬರೇ.

"ಆಸ್ಪತ್ರೆಗೆ ಹೋಗಿದ್ದೆ" ಅಂದರು. "ನಿಮ್ಮಪ್ಪ ನಿಂಗೆ ಹೇಳ್ಬೇಡಿ ಅಂದ್ರು. ಅದಕ್ಕೇ ಹೇಳೋಕೆ ಬಂದೆ."

ಕುರ್ಚಿ ಕೊಟ್ಟೆ. ಕೂರಲಿಲ್ಲ.

"ಪಾಲಿಶ್‌ನವ್ರು ಗಿಲಿಶ್‌ನವ್ರು ಯಾರೂ ಬಂದಿರ್ಲಿಲ್ಲ ಅಲ್ವಾ?"

"ಇಲ್ಲ ಮೇಡಂ. ನಾನೇ ಕಿತ್ತಿದ್ದು."

"ನಿಮ್ಮಪ್ಪನಿಗೆ ಎರಡು ವರ್ಷದಿಂದ ಕಣ್ಣು ಹೋಗ್ತಾ ಇದೆ ತಮ್ಮಾ. ನಡುವೆ ಏನೂ ಕಾಣಲ್ಲ, ಅಂಚಲ್ಲಿ ಸ್ವಲ್ಪ ಕಾಣತ್ತೆ, ಅದೂ ಬೆಳಕಿದ್ರೆ. ಕತ್ತಲಾದ್ರೆ ನಾನೂ ಅವ್ರೂ ಒಂದೇ. ಗೊತ್ತಾದ್ರೆ ಕಮಿಟಿಯವ್ರು ಮನೆಗೆ ಕಳಿಸ್ತಾರೆ ಅಂತ ಯಾರಿಗೂ ಹೇಳಿಲ್ಲ. ನಮ್ಗೆ ಗೆರೆ ಹಾಕಿಕೊಟ್ಟೋರು ಅವ್ರೇ, ಹುರಿ ಇಟ್ಟು. ಆಮೇಲೆ ಒಂದಿನ ನನ್ನ ಕೇಳಿದ್ರು, ಕಾಲಲ್ಲಿ ಓದೋದು ಕಲಿಯೋಕೆ ಎಷ್ಟು ದಿನ ಬೇಕು ಅಂತ. ಯಾರಿಗೆ ಅಂದೆ. ಸುಮ್ನಿದ್ರು. ಮುಂದಿನ ವಾರ ಬಂದಾಗ ಗೋಡೆ ಕಡೆ ಒಂದು ಗೆರೆ ಇತ್ತು."

ಅವರು ಹೋದಮೇಲೆ ಬಾಗಿಲು ಹಾಕಿಕೊಂಡೆ.

ಹಿಂಬಾಗಿಲಿಗೆ ಹೋದೆ. ಚಪ್ಪಲಿ ಬಿಟ್ಟು ಕಣ್ಣು ಮುಚ್ಚಿಕೊಂಡೆ. ಕದ್ದು ನೋಡಬಾರದು ಅಂತ ಟವೆಲ್ಲನ್ನೂ ಕಟ್ಟಿಕೊಂಡೆ. ಮೆಟ್ಟಿಲಿನ ಕಡೆಗೆ ಅಂದುಕೊಂಡು ನಡೆದೆ. ಹನ್ನೊಂದು ಹೆಜ್ಜೆ. ಹನ್ನೆರಡನೆಯದಕ್ಕೆ ಬೆರಳ ಕೆಳಗೆ ನೆಲ ಇರಲಿಲ್ಲ. ಟವೆಲ್ ಕಿತ್ತು ನೋಡಿದರೆ ಮೆಟ್ಟಿಲು ಎಡಕ್ಕೆ ಎಲ್ಲೋ ಇದೆ. ನಾನು ನಿಂತಿದ್ದು ಸರಿಯಾಗಿ ಅಪ್ಪ ಬಿದ್ದ ಜಾಗದ ಮೇಲೆ.

ಮಾರ್ಚ್ 18, ಬುಧವಾರ

ಆಸ್ಪತ್ರೆಗೆ ಹೋಗಲಿಲ್ಲ. ನನಗೆ ಹೊಟ್ಟೆನೋವು ಅಂತ ಅಮ್ಮನಿಗೆ ಫೋನಲ್ಲಿ ಹೇಳಿದೆ.

ಮಾರ್ಚ್ 20, ಶುಕ್ರವಾರ

ಇವತ್ತು ಹೋದೆ. ಸದ್ದು ಮಾಡದೆ ಹಾಸಿಗೆಯ ಪಕ್ಕ ನಿಂತೆ. ಅಪ್ಪನ ಕಣ್ಣು ತೆರೆದಿತ್ತು, ನೇರ ನನ್ನನ್ನೇ ನೋಡುತ್ತಿತ್ತು. ಒಂದು ನಿಮಿಷ ಆದರೂ ಮಾತಾಡಲಿಲ್ಲ. ಬೀಗದಕೈ ಅಲ್ಲಾಡಿಸಿದೆ. "ಬಂದ್ಯಾ? ಹೊಟ್ಟೆ ಹೇಗಿದೆ?" ಅಂದ. ಎರಡು ವರ್ಷದಿಂದ ನನ್ನ ಮುಖ ನೋಡದೆಯೇ ನನಗೆ ಬೈದಿದ್ದಾನೆ. ನಾನು ಮೀಸೆ ಬಿಟ್ಟಿದ್ದು, ತೆಗೆದಿದ್ದು ಏನೂ ಅವನಿಗೆ ಗೊತ್ತಿಲ್ಲ.

ಹೇಳಿಬಿಡಬೇಕು ಅಂತ ಹೋಗಿದ್ದೆ. ಅಷ್ಟರಲ್ಲಿ ಅವನೇ ಶುರು ಮಾಡಿದ.

"ಲೈಟಿನವ್ರ ಜೊತೆ ಹೋಗ್ತೀಯಂತೆ. ನಿಮ್ಮಮ್ಮ ಹೇಳಿದ್ಲು."

"ಇನ್ನೂ ಏನೂ ಇಲ್ಲಪ್ಪ."

"ಹೋಗೋ ಹಾಗಿದ್ರೆ ಹೋಗು. ನಾನು ಬಂದು ನೋಡ್ಕೋತೀನಿ."

ಸೊಂಟದಲ್ಲಿ ಇಷ್ಟುದ್ದ ಮೊಳೆ ಹೊಡೆಸಿಕೊಂಡು ಬಂದು ನೋಡಿಕೊಳ್ಳುತ್ತಾನಂತೆ. ಪಕ್ಕದ ಹಾಸಿಗೆಯ ಮುದುಕ ನಕ್ಕುಬಿಟ್ಟ. ಅಪ್ಪನೂ ನಕ್ಕ. ನಾನು ನೀರು ತರುವ ನೆಪದಲ್ಲಿ ಹೊರಗೆ ಹೋದೆ.

ಮಾರ್ಚ್ 23, ಸೋಮವಾರ

ಮೂರು ದಿನದಿಂದ ಬರೆಯಲು ಬಿಡುವಿಲ್ಲ. ಅಂಗೈ ಪೂರಾ ಗೋಂದು.

ಗಂಟೆ ಚೆಂಡಿನ ಅಂಕಣ ಒಂಬತ್ತು ಮೀಟರ್ ಅಗಲ, ಹದಿನೆಂಟು ಮೀಟರ್ ಉದ್ದ. ಕ್ಯಾಪ್ಟನ್ ಮೇಡಂ ಅವರ ಆಫೀಸಿಗೆ ಫೋನ್ ಮಾಡಿದರೆ, ನಡುನಡುವೆ ಬೇರೆಯವರ ಕರೆಗೆ, "ಒಂದು ನಿಮಿಷ, ಕೊಡ್ತೀನಿ" ಅನ್ನುತ್ತಲೇ ನನಗೆ ಅಳತೆ ಹೇಳಿದರು. ಮೊದಲು ಹುರಿ ಬಿಗಿಯಾಗಿ ಎಳೆದು ಎರಡೂ ತುದಿ ಅಂಟಿಸಬೇಕು. ಆಮೇಲೆ ಮೇಲಿಂದ ಟೇಪು. ಹುರಿ ಸ್ವಲ್ಪ ಸಡಿಲ ಬಿಟ್ಟರೂ ಗೆರೆ ಹಾವಾಗುತ್ತದೆ. ಮೊದಲನೆಯದು ಹಾವೇ ಆಯಿತು. ಕಿತ್ತು ಮತ್ತೆ ಹಾಕಿದೆ.

ಕಂದು ಗೆರೆ ಸರಿಯಾಗಿ ಎಲ್ಲಿ ಹೋಗುತ್ತಿತ್ತು ಅಂತ ನೆನಪಾಗಲಿಲ್ಲ. ಎರಡು ದಿನ ಅದೇ ತಲೆಬಿಸಿ. ಇವತ್ತು ಬೆಳಗ್ಗೆ ಮೇಲಿನ ಕಿಟಕಿಗಳಿಂದ ಬಿಸಿಲು ಓರೆಯಾಗಿ ಬಿದ್ದಾಗ ಮಂಡಿಯೂರಿ ಕೂತಿದ್ದೆ, ಕಂಡಿತು. ಟೇಪು ಇದ್ದ ಕಡೆ ನೆಲ ಸವೆದಿಲ್ಲ. ಅದರ ಪಕ್ಕದಲ್ಲೇ, ಉದ್ದಕ್ಕೂ, ಕಾಲು ಸವೆಸಿದ ಮಸುಕು ದಾರಿ. ಅಪ್ಪನ ಕಾಲು. ಬಿಸಿಲು ಹತ್ತು ನಿಮಿಷ ಇತ್ತು. ಅಷ್ಟರಲ್ಲಿ ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಂಡೆ.

ಹೊಲಿಗೆ ಕ್ಲಾಸಿನ ಒಬ್ಬಾಕೆ ಚಪ್ಪಲಿ ಹಾಕಿಕೊಂಡು ಒಳಗೆ ಬಂದಳು. "ಅಕ್ಕಾ, ಬಾಗಿಲಲ್ಲಿ ಬರೆದಿರೋದು ಕಾಣಲ್ವಾ?" ಅಂತ ಜೋರಾಗಿ ಕೂಗಿಬಿಟ್ಟೆ. ಪಾಪ, ಹೆದರಿದಳು. ಟೇಪಿನ ಗೋಂದು ಇನ್ನೂ ಹಿಡಿದಿರಲಿಲ್ಲ, ಅದಕ್ಕೆ.

ಮಾರ್ಚ್ 24, ಮಂಗಳವಾರ

ಆಡಿದರು.

ಮೊದಲು ಕ್ಯಾಪ್ಟನ್ ಮೇಡಂ ಅಂಕಣದ ಸುತ್ತ ಬರಿಗಾಲಲ್ಲಿ ನಡೆದು ಪರೀಕ್ಷೆ ಮಾಡಿದರು. "ಈ ಮೂಲೆ ಕುಡಿದೋನು ಹಾಕಿದ ಹಾಗಿದೆ" ಅಂದರು. ಎಂಟು ಜನವೂ ನಕ್ಕರು. ಅವರ ಮುಂದೆಯೇ ಕಿತ್ತು ನೇರ ಮಾಡಿದೆ. ಆಮೇಲೆ ಬಾಗಿಲ ಹತ್ತಿರ ಅಪ್ಪ ಕೂರುವ ಕುರ್ಚಿಯಲ್ಲಿ ಕೂತೆ. ಪೆನ್ನು ಹಿಡಿದಿದ್ದೆ, ಆದರೆ ಬರೆಯಲಿಲ್ಲ. ಕಣ್ಣು ಮುಚ್ಚಿದರೆ ಚೆಂಡು ಎಲ್ಲಿ ಬರುತ್ತಿದೆ ಅಂತ ಚೆನ್ನಾಗಿ ಗೊತ್ತಾಗುತ್ತದೆ.

ಮಾರ್ಚ್ 28, ಶನಿವಾರ

ಮೀಟಿಂಗ್ ಭವನದಲ್ಲೇ ನಡೆಯಿತು. ಹನ್ನೆರಡು ಕುರ್ಚಿ, ಒಂದು ಮೇಜು. ನನ್ನನ್ನು ಕೊನೆಗೆ ಕರೆದರು. ಸೆಕ್ರೆಟರಿ ಸ್ವಿಚ್ ಬೋರ್ಡಿನ ಹತ್ತಿರ ನಿಂತು ನೆಲ ನೋಡುತ್ತಿದ್ದರು.

"ಇದೇನಪ್ಪಾ ಟೇಪು?"

"ಬಿರುಕು ಮುಚ್ಚಿದ್ದು ಸರ್."

"ನೆಲ ಎಷ್ಟು ಚೆನ್ನಾಗಿತ್ತಲ್ಲ ಆವತ್ತು."

"ಒಳಗಿಂದ ಬಿರುಕು ಬಿಟ್ಟಿದೆ ಸರ್. ಮೇಲೆ ಕಾಣಲ್ಲ."

ಕಾಗದ ಮುಂದೆ ಇಟ್ಟರು. "ನಿನ್ ಹಿಂದಿನ ಕೆಲಸಗಳ ಕಥೆ ನಮ್ಗೂ ಗೊತ್ತು. ಎಷ್ಟು ದಿನ ಇರ್ತೀಯಪ್ಪಾ?"

"ಈ ನೆಲ ಎಷ್ಟು ದಿನ ಇರತ್ತೋ ನೋಡೋಣ ಸರ್" ಅಂದೆ. ತಮಾಷೆ ಅಂದುಕೊಂಡರು. ಸೈನ್ ಹಾಕಿದೆ. ಕೋಳಿ ಕೆದರಿದ ಹಾಗೇ ಬಂತು.

ಅಮ್ಮನಿಗೆ ಹೇಳಿದರೆ ಅವಳು ಸೆರಗಿನಿಂದ ನನ್ನ ಕೈಯಲ್ಲಿದ್ದ ಗೋಂದು ಉಜ್ಜತೊಡಗಿದಳು. "ಇದು ಹೋಗಲ್ಲಮ್ಮ" ಅಂದೆ. ಆದರೂ ಉಜ್ಜುತ್ತಲೇ ಇದ್ದಳು. ಅಪ್ಪನ ಕಣ್ಣಿನ ವಿಷಯ ಅವಳಿಗೆ ಮೊದಲಿಂದ ಗೊತ್ತಿತ್ತಾ? ಕೇಳಲಿಲ್ಲ. ನಮ್ಮ ಮನೆಯಲ್ಲಿ ಎಲ್ಲರೂ ಎಲ್ಲರಿಂದ ಏನೋ ಮುಚ್ಚಿಟ್ಟುಕೊಂಡೇ ಊಟಕ್ಕೆ ಕೂರುತ್ತೇವೆ.

ಮಾರ್ಚ್ 31, ಮಂಗಳವಾರ

ಮಧ್ಯಾಹ್ನ ಲಾರಿ ಭವನದ ಮುಂದೆಯೇ ನಿಂತಿತು. ಡಾನ್ಸ್ ಸ್ಪರ್ಧೆಯ ದಿನ ಅವರು ಒಂದು ಏಣಿ ಬಿಟ್ಟುಹೋಗಿದ್ದರು. ತಂದು ಕೊಟ್ಟೆ. ಬರಲ್ಲ ಸರ್ ಅಂದೆ. ಮಾಸ್ಟರ್ ಹೆಗಲು ತಟ್ಟಿದರು. ತಿರುವಿನವರೆಗೂ ಏಣಿಯ ತುದಿ ಕಾಣುತ್ತಿತ್ತು.

ನಾಲ್ಕು ಗಂಟೆಗೆ ಗಂಟೆ ಚೆಂಡಿನವರು ಬಂದರು.

ಏಪ್ರಿಲ್ 4, ಶನಿವಾರ

ಅಪ್ಪ ಮನೆಗೆ ಬಂದ. ಅರ್ಧ ಆಗಿದ್ದಾನೆ. ವಾಕರ್ ಹಿಡಿದು ನಾಲ್ಕು ಹೆಜ್ಜೆ ಇಟ್ಟರೆ ಮುಖದಲ್ಲಿ ಬೆವರು. ಕಣ್ಣನ್ನೂ ನೋಡಿದರಂತೆ. ಹೋದದ್ದು ಹೋಯಿತು, ಉಳಿದದ್ದೂ ಜಾಸ್ತಿ ದಿನ ಇರುವುದಿಲ್ಲ ಅಂತ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು. ಅಪ್ಪನಿಗೆ ಹೇಳಿದ್ದೀರಾ ಅಂದೆ. "ಅವರೇ ನಮಗೆ ಹೇಳಿದ್ದು" ಅಂದರು.

ಏಪ್ರಿಲ್ 5, ಭಾನುವಾರ

ಬೆಳಗ್ಗೆ ಎಚ್ಚರ ಆದಾಗ ಅಪ್ಪ ಹಾಸಿಗೆಯಲ್ಲಿ ಇರಲಿಲ್ಲ. ಹಿಂಬಾಗಿಲು ತೆಗೆದಿತ್ತು. ಎದ್ದುಬಿದ್ದು ಓಡಿದೆ.

ಮೇಲಿನ ಕಿಟಕಿಗಳ ಮಸುಕು ಬೆಳಕು ಬಿಟ್ಟರೆ ಭವನ ಕತ್ತಲು. ವಾಕರ್ ಸ್ಟೇಜಿನ ಮೇಲೆ ಟಕ್, ಟಕ್ ಅನ್ನುತ್ತಿತ್ತು. ಕೂಗಬೇಕು ಅನ್ನಿಸಿತು, ಕೂಗಿದರೆ ಬೆಚ್ಚಿ ಬಿದ್ದಾನು ಅಂತ ಸುಮ್ಮನಾದೆ. ಬೆಕ್ಕಿನ ಹಾಗೆ ಹಿಂದೆ ಹೋಗಿ ಎರಡು ಕೈ ಚಾಚಿ, ಮುಟ್ಟದೆ, ಜೊತೆಗೇ ನಡೆದೆ. ಅವನ ಬಲಗಾಲು ಗೆರೆಯ ಮೇಲಿತ್ತು. ಹೆಬ್ಬೆರಳು ಮೊದಲು ಮುಂದೆ ಹೋಗಿ ತಡವುತ್ತದೆ, ಆಮೇಲೆ ಪಾದ. ಮೆಟ್ಟಿಲಿನ ಹತ್ತಿರ ನಿಂತ. ಕಂಬಿ ಹಿಡಿದು ಒಂದೊಂದೇ ಇಳಿದ, ಐದು ಮೆಟ್ಟಿಲಿಗೆ ಐದು ಸಲ ಉಸ್ ಅಂದ. ವಾಕರ್ ಇಳಿಸಿ ಮುಂದಿಟ್ಟವನು ನಾನು. ಯಾರು ಇಟ್ಟರು ಅಂತ ಅವನು ಕೇಳಲಿಲ್ಲ.

ಗೋಡೆ ಸಿಕ್ಕಿತು. ಕೈ ಮೇಲೆತ್ತಿ ಸ್ವಿಚ್ಚುಗಳನ್ನು ಒಂದಾದ ಮೇಲೊಂದು ಒತ್ತಿದ. ಹತ್ತು ಸ್ವಿಚ್ಚು. ಒಂದೂ ಲೈಟು ಬರಲಿಲ್ಲ. ಕರೆಂಟ್ ಹೋಗಿತ್ತು.

"ಹತ್ತಿತಾ?" ಅಂದ.

ಅಷ್ಟು ದೂರ ನಡೆದು ಬಂದಿದ್ದಾನೆ. "ಹತ್ತಿತಪ್ಪ" ಅಂದೆ.

ಸ್ವಲ್ಪ ಹೊತ್ತು ಕಿವಿಗೊಟ್ಟು ನಿಂತ. "ಟ್ಯೂಬ್‌ಲೈಟ್ ಗುಂಯ್ ಅಂತಿಲ್ವಲ್ಲೋ."

ಅವನು ಸ್ವಿಚ್ಚುಗಳ ಮೇಲಿಂದ ಕೈ ತೆಗೆದ.

"ಮಂಗಳವಾರದವ್ರು ಆಡಿದ್ರು ಅಂದೆಯಲ್ಲ ಆಸ್ಪತ್ರೇಲಿ, ಅದೂ ಹೀಗೇನೇ ಅಲ್ವಾ?"

ಅಲ್ಲೇ ಗೋಡೆಗೆ ಒರಗಿ ನೆಲದ ಮೇಲೆ ಕೂತೆ. "ನಾನೇ ಕಿತ್ತಿದ್ದಪ್ಪ. ಎಲ್ಲಾ ಗೆರೆನೂ. ನಂಗೆ ಗೊತ್ತಿರ್ಲಿಲ್ಲ."

"ನೆಲ ಒದ್ದೆ ಇತ್ತು" ಅಂದ.

"ಒದ್ದೆ ಇರ್ಲಿಲ್ಲ ಅಪ್ಪ, ನಾನು..."

"ಒದ್ದೆ ಇತ್ತು ಅಂದೆನಲ್ಲ. ಕಮಿಟಿಯವ್ರಿಗೂ ಅದೇ ಹೇಳಿದೀನಿ, ನಿಮ್ಮಮ್ಮನಿಗೂ ಅದೇ. ಈಗ ನೀನು ಬೇರೆ ಹೇಳಿದ್ರೆ ನಾನು ಸುಳ್ಳ ಆಗ್ತೀನಿ."

ಅಪ್ಪ ಕೆಳಗೆ ಕೂರುವ ಹಾಗಿಲ್ಲ. ವಾಕರ್ ಹಿಡಿದು ನಿಂತೇ ಇದ್ದ. ನಾನು ಎದ್ದು ಪಕ್ಕದಲ್ಲಿ ನಿಂತೆ. ಹೊರಗೆ ಹಾಲಿನ ಗಾಡಿ ಹೋಯಿತು. ಇಬ್ಬರೂ ಕರೆಂಟಿಗೆ ಕಾಯುತ್ತಾ ನಿಂತೆವು. ಅವನು ಕಾಲಿನಿಂದ ನೆಲ ತಡವುತ್ತಿದ್ದ.

"ಮೆಟ್ಟಿಲ ಹತ್ರ ಸ್ವಲ್ಪ ಬಲಕ್ಕೆ ಎಳೆದಿದೀಯ."

"ಸರಿ ಮಾಡ್ತೀನಿ."

"ಬೇಡ ಬಿಡು. ನಾನೇ ಅಭ್ಯಾಸ ಮಾಡ್ಕೋತೀನಿ."

ಸುಮಾರು ಹೊತ್ತಿನ ಮೇಲೆ ತಲೆಯ ಮೇಲೆ ಪಟಪಟ ಅಂತು. ನಾನು ಬಾಯಿ ತೆರೆಯುವ ಮುಂಚೆ ಅಪ್ಪನೇ ಹೇಳಿದ.

"ಈಗ ಹತ್ತಿತು."

ಹತ್ತಿತ್ತು. ಸ್ಟೋರಿನ ಬಾಗಿಲ ಮೇಲಿನ ಒಂದು ಮಾತ್ರ ಮಿಣಮಿಣ ಅಂತಿದೆ, ಏಣಿ ಹಾಕಿ ಬದಲಾಯಿಸಬೇಕು. ನಾಳೆ ಹೊಲಿಗೆ ಕ್ಲಾಸು, ಮೂವತ್ತು ಕುರ್ಚಿ.